ಟೆಂಡರ್ ಅಂದ್ರೆ ಏನು ಸಾ?

ಕೆಜಿಎಫ್‌ನ ಉರಿಗಾಂ ಕಡೆ ಯಾರಿಗಾದರೂ ಇಂಗ್ಲಿಷಿನಲ್ಲಿ ಕಾಗದ ಬಂತೆಂದರೆ ಅದು ಮೊದಲು ಸುಬ್ಬರಾಯಪ್ಪನವರ ವರಾಂಡ ಸೇರುತ್ತಿತ್ತು. ಬ್ಯಾಂಕಿನ ನೋಟೀಸಿರಲಿ, ಪಿಂಚಣಿ ಕಚೇರಿಯ ಪತ್ರವಿರಲಿ, ವಿಮೆಯವರು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದ ಷರತ್ತುಗಳಿರಲಿ, ಅವರು ಕನ್ನಡಕವನ್ನು ಪಂಚೆಯ ಚುಂಗಿನಿಂದ ಒರೆಸಿಕೊಂಡು ಒಂದು ಸಲ ಮೇಲಿನಿಂದ ಕೆಳಗೆ ಕಣ್ಣಾಡಿಸಿ, "ಏನೂ ಇಲ್ಲ ಇದರಲ್ಲಿ, ಹೇಳ್ತೀನಿ ಕೂತ್ಕೋ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ಸಾಕು, ಕಾಗದ ತಂದವರ ಅರ್ಧ ಭಾರ ಇಳಿಯುತ್ತಿತ್ತು.

ಅವರು ತುಮಕೂರಿನ ಕಡೆಯವರು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೆಜಿಎಫ್‌ಗೆ ಬಂದು ಕಾರ್ಖಾನೆಯ ಖರೀದಿ ವಿಭಾಗ ಸೇರಿದವರು, ಮೂವತ್ತೆರಡು ವರ್ಷ ಅಲ್ಲೇ ಕೂತು ನಿವೃತ್ತರಾದರು. ಖರೀದಿ ವಿಭಾಗವೆಂದರೆ ಟೆಂಡರ್. ಟೆಂಡರ್ ಕರೆಯುವುದು, ಪೆಟ್ಟಿಗೆಗೆ ಅರಗು ಹಾಕಿಸುವುದು, ಕಡೆಯ ದಿನ ಮೂರು ಗಂಟೆಗೆ ಎಲ್ಲರೆದುರು ಲಕೋಟೆ ಒಡೆಯುವುದು, ಯಾರದು ಎಷ್ಟು ಎಂದು ಗಟ್ಟಿಯಾಗಿ ಓದುವುದು. ಹಾಗೆ ಓದುವ ಕೆಲಸ ಅವರಿಗೇ ಬರುತ್ತಿತ್ತು, ಏಕೆಂದರೆ ಅವರ ಗಂಟಲು ಚೆನ್ನಾಗಿತ್ತು, ಇಂಗ್ಲಿಷು ಎಡವುತ್ತಿರಲಿಲ್ಲ. ಕಾಲೇಜು ಮುಗಿಸದವರು ಇಂಜಿನಿಯರುಗಳ ಮುಂದೆ ಹಾಗೆ ಓದುವುದೆಂದರೆ ಸಣ್ಣ ವಿಷಯವಲ್ಲ. ನಿವೃತ್ತರಾಗಿ ಆರು ವರ್ಷವಾದರೂ ಆ ಹೆಮ್ಮೆ ಅವರ ಮೈಯಲ್ಲಿ ಹಾಗೇ ಉಳಿದಿತ್ತು.

ಮೇ ತಿಂಗಳ ಹದಿನೇಳನೇ ತಾರೀಖು ಬೆಳಿಗ್ಗೆ ಕಲ್ಪನ ಕಾಗದ ತಂದಳು. ಬೇತಮಂಗಲದ ರಸ್ತೆಯ ಹಳ್ಳಿಯವಳು, ಐದು ವರ್ಷದಿಂದ ಅವರ ಬೀದಿಗೆ ಹಾಲು ಹಾಕುತ್ತಿದ್ದಳು. ಗಂಡ ನಾಗೇಶ್ ಬಂಗಾರಪೇಟೆಯಲ್ಲಿ ಟೊಮೊಟೊ ಲೋಡು ಹತ್ತಿಸುವಾಗ ಲಾರಿಯಿಂದ ಬಿದ್ದು, ಬೆನ್ನು ಹಿಡಿದುಕೊಂಡು ವರ್ಷವಾಗಿತ್ತು. ಎರಡು ಹಸುವಿನ ಮೇಲೆ ಮನೆ ನಡೆಯುವುದು ಕಷ್ಟ ಅಂತ ಅವಳು ಬಂಗಾರಪೇಟೆಯ ಒಂದು ಟ್ರಸ್ಟಿನ ಶಾಲೆಗೆ ಅರ್ಜಿ ಹಾಕಿದ್ದಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಹಾಯಕಿಯ ಕೆಲಸ. ಹೋಗಿ ಮಾತಾಡಿಸಿಕೊಂಡೂ ಬಂದಿದ್ದಳು. ಈಗ ಅಲ್ಲಿಂದ ಕಾಗದ ಬಂದಿತ್ತು.

ವರಾಂಡದಲ್ಲಿ ಆಗ ಗಿರಿ ಕೂತಿದ್ದ. ಕಾರ್ಖಾನೆಯಲ್ಲಿ ಸುಬ್ಬರಾಯಪ್ಪನವರ ಕೈಕೆಳಗೆ ಇದ್ದವನು, ಪಕ್ಕದ ಚಾಂಪಿಯನ್ ರೀಫ್ಸಿನ ತಮಿಳಿನವನು. ದಿನಾ ಪೇಪರು ಓದುವ ನೆಪದಲ್ಲಿ ಬಂದು ಅವರ ಹೆಂಡತಿ ಶಾಂತಮ್ಮನವರ ಕೈಯ ಕಾಫಿ ಕುಡಿದು ಹೋಗುತ್ತಿದ್ದ. ಶಾಂತಮ್ಮ ಬಾಗಿಲ ಒಳಗೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ನಮ್ಮನೆಯವ್ರು ಫೋನಲ್ಲಿ ಆಕಿ ನೋಡಿದ್ರು ಸಾ," ಅಂದಳು ಕಲ್ಪನ. "ಅದು ಕನ್ನಡದಾಗೆ ಏನೇನೋ ಯೋಳ್ತು. 'ನಿಮ್ಮ ಇಚ್ಛೆಯನ್ನು ಮೃದುಗೊಳಿಸಿ' ಅಂತೆ. ಅಂಗಂದ್ರೆ ಏನು ಅಂತ ನಾವು ನಕ್ಕಂಡ್ವಿ. ಟೆಂಡರ್ ಅಂತ ಒಂದು ಪದ ಐತೆ ನೋಡಿ. ಟೆಂಡರ್ ಅಂದ್ರೆ ಏನು ಸಾ?"

ಗಿರಿ ಜೋರಾಗಿ ನಕ್ಕ. "ಎಳನೀರಿಗೂ ಟೆಂಡರ್ ಅಂತ ಬೋರ್ಡು ಹಾಕ್ತಾರಲ್ಲ, ಅದನ್ನ ಹಿಡ್ಕೊಂಡಿದೆ ಫೋನು! ಅಮ್ಮಾ, ಟೆಂಡರ್ ಅಂದ್ರೆ ಏನು ಅಂತ ಯಾರ್ ಹತ್ರ ಕೇಳ್ತಾ ಇದೀಯ ಗೊತ್ತಾ? ಈ ಊರಲ್ಲಿ ಸಾರ್‌ಗಿಂತ ಟೆಂಡರ್ ಗೊತ್ತಿರೋರು ಯಾರಿದಾರೆ?"

ಸುಬ್ಬರಾಯಪ್ಪ ಮುಗುಳ್ನಕ್ಕು ಕಾಗದ ಬಿಡಿಸಿದರು. ಅರ್ಧ ಪುಟದ ಪತ್ರ. ಅವರ ಕಣ್ಣು ಅಭ್ಯಾಸದಂತೆ ನೇರ ಆ ಸಾಲಿಗೇ ಹೋಯಿತು: ಯು ಆರ್ ರಿಕ್ವೆಸ್ಟೆಡ್ ಟು ಟೆಂಡರ್ ಯುವರ್ ವಿಲ್ಲಿಂಗ್‌ನೆಸ್ ಇನ್ ರೈಟಿಂಗ್ ಆನ್ ಆರ್ ಬಿಫೋರ್ ಇಪ್ಪತ್ತನಾಲ್ಕು. ಟೆಂಡರ್, ವಿಲ್ಲಿಂಗ್‌ನೆಸ್, ಆನ್ ಆರ್ ಬಿಫೋರ್. ಮೂರೂ ಅವರ ಫೈಲುಗಳಲ್ಲಿ ಸಾವಿರ ಸಲ ಕಂಡಿದ್ದ ಮಾತುಗಳು. ಸರಬರಾಜುದಾರರು ಕೊಡುತ್ತಿದ್ದ ಒಪ್ಪಿಗೆ ಪತ್ರಕ್ಕೂ ಅಲ್ಲಿ ವಿಲ್ಲಿಂಗ್‌ನೆಸ್ ಅಂತಲೇ ಅನ್ನುತ್ತಿದ್ದರು.

ಆದರೂ ಏನೋ ಒಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಈ ಸಾಲಿನಲ್ಲಿ 'ಟೆಂಡರ್' ಅವರಿಗೆ ಗೊತ್ತಿದ್ದ ಜಾಗದಲ್ಲಿ ಕೂತಿರಲಿಲ್ಲ. ಅದರ ಮುಂದೆಯೇ 'ಯುವರ್' ಯಾಕೆ ಬಂತು? ಹಾಲು ಮಾರುವ ಹೆಂಗಸಿಗೂ ಟೆಂಡರಿಗೂ ಏನು ಸಂಬಂಧ? ಗಿರಿ ನೋಡುತ್ತಿದ್ದ. ಕಲ್ಪನ ಕೈಕಟ್ಟಿಕೊಂಡು ನಿಂತಿದ್ದಳು. ಒಳಗಿನ ಕಪಾಟಿನಲ್ಲಿ ನಿಘಂಟು ಇತ್ತು, ಎದ್ದು ತರಬಹುದಿತ್ತು. ಟೆಂಡರ್ ಎಂಬ ಪದಕ್ಕೆ ಸುಬ್ಬರಾಯಪ್ಪ ನಿಘಂಟು ನೋಡುವುದೇ?

"ಏನೂ ಇಲ್ಲಮ್ಮ," ಅಂದರು. "ಹಾಸ್ಟೆಲಿನ ಕೆಲಸವನ್ನ ಕಾಂಟ್ರಾಕ್ಟಿಗೆ ಕೊಡ್ತಿದಾರೆ. ಅದಕ್ಕೆ ಟೆಂಡರ್ ಕರೆದಿದಾರೆ. ಇಪ್ಪತ್ನಾಲ್ಕಕ್ಕೆ ಕಡೇ ದಿನ. ಅಷ್ಟರೊಳಗೆ ಯಾವ ಕಾಂಟ್ರಾಕ್ಟರು ಅಂತ ತೀರ್ಮಾನ ಆಗುತ್ತೆ. ಆಮೇಲೆ ಅವನು ಜನ ತಗೋತಾನೆ. ನಿನ್ನ ಹೆಸರು ಪಟ್ಟೀಲಿ ಇದೆ, ತಿಳಿಸಿದಾರೆ ಅಷ್ಟೆ."

"ಹಂಗಾದ್ರೆ ನಾನು ಈಗ್ಲೇ ಒಂದ್ಸಲ ಓಗಿ ಕೇಳ್ಕಂಡು ಬರ್ಲಾ ಸಾ? ಆಫೀಸಲ್ಲಿ ಒಬ್ರು ಒಳ್ಳೇರು ಅವ್ರೆ."

"ಈಗ ಹೋಗಿ ಏನ್ಮಾಡ್ತೀಯ? ಟೆಂಡರ್ ನಡೀವಾಗ ಯಾರೂ ಮಾತಾಡಲ್ಲ, ಮಾತಾಡ್ಲೂಬಾರದು. ಅದು ರೂಲ್ಸು. ಇಪ್ಪತ್ನಾಲ್ಕು ಆದ್ಮೇಲೆ ಹೋಗು. ಧೈರ್ಯವಾಗಿ ಹೋಗು."

"ಕೇಳಿಸ್ಕೊಂಡ್ಯಾಮ್ಮ?" ಅಂದ ಗಿರಿ. "ಸಾರ್ ಅಂದ್ರೆ ಸುಮ್ನೇನಾ!"

ಕಲ್ಪನ ಕಾಗದವನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ಇಪ್ಪತ್ತೈದರ ಸಂಜೆ ಅವಳು ಮತ್ತೆ ಬಂದಾಗ ಹಾಲಿನ ಕ್ಯಾನು ಇರಲಿಲ್ಲ. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆ ತುಂಬ ಬಸ್ಸಿನ ಧೂಳು. ಬಂಗಾರಪೇಟೆಯಿಂದ ನೇರ ಇಲ್ಲಿಗೇ ಇಳಿದಿದ್ದಳು. ಶಾಂತಮ್ಮ ನೀರು ಕೊಟ್ಟರು. ಅವಳು ಕುಡಿಯಲಿಲ್ಲ, ಲೋಟ ಕೈಯಲ್ಲೇ ಇತ್ತು.

"ಕೆಲ್ಸ ಓಯ್ತು ಸಾ. ಬೇರೆಯೋರಿಗೆ ಕೊಟ್ಬಿಟ್ಟವ್ರೆ. ಕಾಂಟ್ರಾಕ್ಟು ಗಿಂಟ್ರಾಕ್ಟು ಏನೂ ಇರ್ಲಿಲ್ವಂತೆ. 'ಕೆಲ್ಸಕ್ಕೆ ಬತ್ತೀನಿ, ನಂಗೆ ಒಪ್ಪಿಗೆ ಐತೆ' ಅಂತ ಬರ್ದು ಇಪ್ಪತ್ನಾಲ್ಕರ ಒಳಗೆ ಕೊಡ್ಬೇಕಿತ್ತಂತೆ. ಅದೇ ಕಾಗದದಲ್ಲಿ ಬರೆದಿದ್ದಂತೆ. ನಿನ್ನೆ ಸಂಜೆ ಐದು ಗಂಟೆವರ್ಗೂ ಕಾದ್ರಂತೆ ಸಾ ನಂಗೋಸ್ಕರ."

ಸುಬ್ಬರಾಯಪ್ಪನವರ ಕಣ್ಣೆದುರು ಆ ಸಾಲು ಬಂದು ನಿಂತಿತು, 'ಯುವರ್' ಸಮೇತ.

ಕಲ್ಪನ ತಲೆ ಎತ್ತಿ ಕೇಳಿದಳು. ಆ ದನಿಯಲ್ಲಿ ಆರೋಪವಿರಲಿಲ್ಲ. "ನೀವು ಆದ್ಮೇಲೆ ಓಗು ಅಂದ್ರಲ್ಲ ಸಾ? ಅಂಗಂತ ನೆಪ್ಪು ನಂಗೆ."

ಆಗ ಅವರ ಬಾಯಿಂದ ಬಂದ ಮಾತನ್ನು ಅವರು ಯೋಚಿಸಿ ಆಡಿದ್ದಲ್ಲ. "ಒಳಗೆ ಅಂದಿದ್ದೆ ಕಣಮ್ಮ. ಇಪ್ಪತ್ನಾಲ್ಕರ ಒಳಗೆ ಹೋಗು ಅಂತ ಹೇಳಿದ್ದೆ ನಾನು. ನೀನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ಕಲ್ಪನ ಅವರ ಮುಖವನ್ನೇ ನೋಡಿದಳು. ಅವಳ ಮನಸ್ಸು ಹಿಂದಕ್ಕೆ ಹೋಗಿ ಆ ಬೆಳಿಗ್ಗೆಯನ್ನು ತಡಕಾಡುತ್ತಿದ್ದುದು ಅವರಿಗೆ ಕಾಣುತ್ತಿತ್ತು. ಅವಳು ಸೋತಳು.

"ನಾನೇ ತಪ್ಪು ಕೇಳಿಸ್ಕಂಡೆ ಅನ್ಸುತ್ತೆ ಸಾ," ಅಂದಳು. "ಹಾಲಿಗೆ ಒತ್ತಾಗಿತ್ತು, ಗಡಿಬಿಡಿ. ನನ್ ಬುದ್ಧಿಗೆ ಬೆಂಕಿ ಬೀಳ." ಲೋಟವನ್ನು ಹಾಗೇ ಕೆಳಗಿಟ್ಟು ಮೆಟ್ಟಿಲಿಳಿದಳು.

ಶಾಂತಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು.

ಅವಳು ಹೋದ ಮೇಲೆ ಸುಬ್ಬರಾಯಪ್ಪ ಕಪಾಟು ತೆಗೆದರು. ಬೆನ್ನು ಕಿತ್ತುಹೋಗಿದ್ದ ದಪ್ಪ ನಿಘಂಟು. ಟಿ ಅಕ್ಷರದ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಟೆಂಡರ್: ಮೃದುವಾದ, ಎಳೆಯ. ಮುಟ್ಟಿದರೆ ನೋಯುವ. ಅದರ ಕೆಳಗೆ ಕ್ರಿಯಾಪದ: ವಿಧಿಪೂರ್ವಕವಾಗಿ ಮುಂದಿಡು, ನೀಡು, ಸಲ್ಲಿಸು, ರಾಜೀನಾಮೆ, ಒಪ್ಪಿಗೆ, ಕ್ಷಮಾಪಣೆ ಇತ್ಯಾದಿಯನ್ನು. ಗುತ್ತಿಗೆಯ ಅರ್ಥ ಅದರ ಕೆಳಗೆ ಎಲ್ಲೋ ಕೊನೆಯಲ್ಲಿತ್ತು.

ಇಂಥವರು ರಾಜೀನಾಮೆ ಟೆಂಡರ್ ಮಾಡಿದರು ಎಂದು ಪೇಪರಿನಲ್ಲಿ ಅವರೇ ಎಷ್ಟು ಸಲ ಓದಿರಲಿಲ್ಲ! ಗಟ್ಟಿಯಾಗಿಯೇ ಓದಿದ್ದರು, ಗಿರಿಗೆ. ಆಗೆಲ್ಲ ಅರ್ಥವಾದಂತೆಯೇ ಇತ್ತು.

ಕೋಲಾರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮಗಳು ಭಾರ್ಗವಿಗೆ ಫೋನು ಮಾಡಿ, ಯಾರೋ ಕೇಳಿದರು ಅನ್ನುವ ಹಾಗೆ ವಿಚಾರಿಸಿದರು.

"ಆಫರ್ ಅಂತಾರಲ್ಲಪ್ಪ, ಅದಕ್ಕೇ ಗಂಭೀರವಾದ ಪದ ಇದು," ಅಂದಳು ಭಾರ್ಗವಿ. "ಮನೆಗೆ ಬಂದವರಿಗೆ ಕಾಫಿ ಆಫರ್ ಮಾಡ್ತೀವಿ, ಟೆಂಡರ್ ಮಾಡಲ್ಲ. ಇದು ಕಾಗದ ಪತ್ರದ ಮಾತು. ರಾಜೀನಾಮೆ, ಕ್ಷಮೆ, ಸಾಕ್ಷಿ, ಒಪ್ಪಿಗೆ, ಇಂಥವನ್ನ ಟೆಂಡರ್ ಮಾಡ್ತಾರೆ. ಕ್ರಮವಾಗಿ ಎದುರಿಗಿಡೋದು, ಇನ್ನೊಬ್ಬರು ತಗೊಳ್ಳಲಿ ಅಂತ. ನಿಮ್ಮ ಆಫೀಸಿನ ಟೆಂಡರೂ ಅದೇ ಅಲ್ವಾ? ನನ್ನ ಬೆಲೆ ಇದು, ಬೇಕಾದರೆ ತಗೊಳ್ಳಿ ಅಂತ ಮುಂದಿಡೋದು." ಆಮೇಲೆ ನಕ್ಕಳು. "ನಿಮಗೇ ನಾನು ಟೆಂಡರ್ ಬಗ್ಗೆ ಹೇಳ್ತಿದೀನಲ್ಲ!"

"ಹೌದು," ಅಂದರು ಸುಬ್ಬರಾಯಪ್ಪ. "ಸುಮ್ಮನೆ ಕೇಳಿದೆ."

ಮೂವತ್ತೆರಡು ವರ್ಷ ನಾನು ಲಕೋಟೆಗಳನ್ನು ಒಡೆದಿದ್ದೆ, ಆ ಪದವನ್ನು ಒಡೆದು ನೋಡಿರಲಿಲ್ಲ ಅನಿಸಿತು ಅವರಿಗೆ. ಅದೂ ಹೋಗಲಿ. ಗೊತ್ತಿಲ್ಲದಿರುವುದು ಮಹಾ ಅಪರಾಧವಲ್ಲ. ಆದರೆ ಆ ಬೆಳಿಗ್ಗೆ 'ಯುವರ್' ಗಂಟಲಲ್ಲಿ ಸಿಕ್ಕಿಕೊಂಡಿದ್ದು ನಿಜ. ಅದನ್ನು ನುಂಗಿದ್ದೂ ನಿಜ. ಇವತ್ತು ಆ ಹೆಂಗಸಿಗೆ ಹೇಳಿದ್ದಂತೂ ಶುದ್ಧ ಸುಳ್ಳು.

ಮರುದಿನ ಹಾಲಿಗೆ ಕಲ್ಪನ ಬರಲಿಲ್ಲ. ಅವಳ ಅತ್ತೆ ಆದಿಲಕ್ಷ್ಮಮ್ಮ ಬಂದರು. ಹಾಲು ಅಳೆದು ಹಾಕಿ, ಸುಬ್ಬರಾಯಪ್ಪನವರ ಮುಂದೆ ಒಂದು ಕೈಚೀಲ ಇಟ್ಟರು. ಅದರ ತುಂಬ ಆಗಷ್ಟೇ ಕಿತ್ತ ಹುರುಳಿಕಾಯಿ.

"ಮನೆ ಇಂದ್ಗಡೆ ಗಿಡದ್ದು ಸೋಮಿ. ನಿಮ್ಗೂ ನಮ್ಮಿಂದ ಬೇಜಾರು. ಅಷ್ಟು ಬಿಡ್ಸಿ ಯೋಳಿದ್ರೂ ಈ ಕೆಪ್ಪಿ ಕೇಳಿಸ್ಕಂಡಿಲ್ಲ. ಒಳಗೆ ಅಂದ್ರೆ ಆದ್ಮೇಲೆ ಅಂತ ಕೇಳುಸ್ತಂತೆ, ಅಯ್ಯೋ ದೇವುಡಾ! ನನ್ ಮಗ ನಿನ್ನೆ ಸಂಜೆಯಿಂದ ಅವಳ ಕೂಟೆ ಮಾತೇ ಆಡಿಲ್ಲ. ಮಾಡ್ಕಂಡೋಳು ಅನುಭವಿಸ್ಲಿ ಬಿಡಿ." ಇಷ್ಟು ಹೇಳಿ ಆ ಮುದುಕಿ ಎರಡೂ ಕೈ ಜೋಡಿಸಿದರು. "ನೀವು ಮಾತ್ರ ಮುಂದಕ್ಕೂ ನಮ್ ಕಾಗದ ನೋಡ್ಬೇಕು ಸೋಮಿ. ನಮ್ಗೆ ಬೇರೆ ಯಾರವ್ರೆ?"

ಸುಬ್ಬರಾಯಪ್ಪ ಕೈಚೀಲ ತೆಗೆದುಕೊಂಡರು.

ಆದಿಲಕ್ಷ್ಮಮ್ಮ ಬೀದಿ ತಿರುಗಿದ ಮೇಲೆ ಶಾಂತಮ್ಮ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತರು. "ನನ್ನ ಕಿವಿಗೂ ಆದ್ಮೇಲೆ ಅಂತಲೇ ಕೇಳಿಸಿತ್ತು," ಅಂದರು. ಗಂಡನ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಹೋದರು. ಮಧ್ಯಾಹ್ನ ಹುರುಳಿಕಾಯಿ ಪಲ್ಯ ಮಾಡಿ ಅವರ ತಟ್ಟೆಗೆ ಬಡಿಸಿದರು, ತಾವು ಹಾಕಿಕೊಳ್ಳಲಿಲ್ಲ.

ಊಟ ಬಿಟ್ಟೆದ್ದು ಸುಬ್ಬರಾಯಪ್ಪ ಬಂಗಾರಪೇಟೆಯ ಬಸ್ಸು ಹತ್ತಿದರು. ಮೊದಲು ಕಲ್ಪನಳ ಮನೆಗೆ ಹೋಗಬೇಕು ಅಂತ ಅವರಿಗೆ ಗೊತ್ತಿತ್ತು. ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ಶಾಲೆಯವರ ಹತ್ತಿರ ಮಾತಾಡಿ ಕೆಲಸ ಮತ್ತೆ ಕೊಡಿಸಿಬಿಟ್ಟರೆ, ಆಗ ತಪ್ಪು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾಗಲಾರದು. ಜೇಬಿನಲ್ಲಿ ಒಂದು ಪತ್ರ ಇತ್ತು. ಒಳ್ಳೆಯ ಇಂಗ್ಲಿಷಿನಲ್ಲಿ ತಾವೇ ಬರೆದದ್ದು: ಐ ಹಿಯರ್‌ಬೈ ಟೆಂಡರ್ ಮೈ ಅನ್‌ಕಂಡಿಷನಲ್ ಅಪಾಲಜಿ. ಪದವನ್ನು ಈ ಸಲ ಸರಿಯಾಗಿ ಬಳಸಿದ್ದೇನೆ ಅಂತ ಬರೆಯುವಾಗ ಒಂದು ಕ್ಷಣ ಸಮಾಧಾನವೂ ಆಗಿತ್ತು. ಬಸ್ಸಿನಲ್ಲಿ ಅದನ್ನು ನೆನೆದು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಶಾಲೆಯ ಕಚೇರಿಯಲ್ಲಿದ್ದ ಗುಮಾಸ್ತನ ಹೆಸರು ಶ್ರೀಧರ್. ನಲವತ್ತರ ಸುಮಾರಿನ ಸಾಧು ಮನುಷ್ಯ. ಕುರ್ಚಿ ಕೊಟ್ಟು, ಪತ್ರವನ್ನು ಎರಡು ಸಲ ಓದಿದ.

"ಇದು ಯಾರಿಗೆ ಸಾರ್ ಕ್ಷಮಾಪಣೆ?"

"ನಿಮ್ಮ ಟ್ರಸ್ಟಿಗೆ."

"ನಮಗೆ ನೀವೇನೂ ತಪ್ಪು ಮಾಡಿಲ್ವಲ್ಲ," ಅಂದ ಶ್ರೀಧರ್, ಪತ್ರವನ್ನು ಮೆಲ್ಲಗೆ ಅವರ ಕಡೆ ಸರಿಸಿ. "ಆ ಹೆಣ್ಣುಮಗಳು ಕಲ್ಪನ ಬರ್ತಾಳೆ ಅಂತ ನಾನು ಕಾಯ್ತಾನೇ ಇದ್ದೆ. ಅವಳ ಹೆಸರೇ ಮೊದಲಿತ್ತು. ಬರಲಿಲ್ಲ. ಎರಡನೆಯ ಹೆಸರು ನರಸಮ್ಮ ಅಂತ, ಅವರಿಗೂ ಇದೇ ಕಾಗದ ಹೋಗಿತ್ತು. ಅವರಿಗೆ ಕನ್ನಡವೂ ಓದಕ್ಕೆ ಬರಲ್ಲ. ಕಾಗದ ಕೈಗೆ ಸಿಕ್ಕಿದ ದಿನವೇ ಇಲ್ಲಿಗೆ ಬಂದು, 'ಇದ್ರಲ್ಲಿ ಏನೈತೆ ಯೋಳಪ್ಪ' ಅಂತ ನನ್ನನ್ನೇ ಕೇಳಿದ್ರು. ನಾನೇ ಬರ್ಕೊಟ್ಟೆ, ಹೆಬ್ಬೆಟ್ಟು ಒತ್ತಿದ್ರು. ನಿನ್ನೆ ಕೆಲಸಕ್ಕೆ ಸೇರಿದ್ರು."

ಹೊರಗಿನ ಅಂಗಳದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಹಾಸ್ಟೆಲಿನ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಅವಳನ್ನು ತೆಗೆದು ಇವಳನ್ನು ಹಾಕಿ ಅಂತ ಯಾವ ಬಾಯಲ್ಲಿ ಕೇಳುವುದು? ಸುಬ್ಬರಾಯಪ್ಪ ಎದ್ದರು.

"ಬೇರೆ ಯಾವುದಾದರೂ ಜಾಗ ಖಾಲಿಯಾದರೆ ನೆನಪಿಟ್ಕೋತೀನಿ," ಅಂದ ಶ್ರೀಧರ್. "ಭರವಸೆ ಕೊಡಕ್ಕಾಗಲ್ಲ. ಆಯಮ್ಮ ಬರದೇ ಇದ್ದದ್ದು ಅವಳ ತಪ್ಪಲ್ಲ ಅಂತ ಮಾತ್ರ ಫೈಲಿನಲ್ಲಿ ಬರೆದಿಡ್ತೀನಿ. ಇಂಗ್ಲಿಷ್ ಬೇಡ ಸಾರ್, ನೀವು ಕನ್ನಡದಲ್ಲೇ ಎರಡು ಸಾಲು ಬರ್ಕೊಡಿ, ಸಾಕು."

ಬರೆದುಕೊಟ್ಟರು. ಕಾಗದವನ್ನು ತಪ್ಪಾಗಿ ಓದಿ ಹೇಳಿದವನು ನಾನು, ಅವಳು ಬರುತ್ತೇನೆಂದರೂ ತಡೆದವನು ನಾನು. ಕೆಳಗೆ ಸಹಿ ಹಾಕಿದರು.

ವಾಪಸು ಬರುವಾಗ ಉರಿಗಾಂನಲ್ಲಿ ಇಳಿದು ಮನೆಗೆ ಹೋಗದೆ ಬೇತಮಂಗಲದ ಬಸ್ಸು ಹಿಡಿದರು. ಅವಳ ಹಳ್ಳಿಯ ಗೇಟಿನಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಐದು ವರ್ಷ ಅವಳ ಹಾಲು ಕುಡಿದಿದ್ದರೂ ಮನೆ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಹೋದರು. ಹುಣಸೆಮರದ ಪಕ್ಕ ಶೀಟಿನ ಮನೆ. ನಾಗೇಶ್ ಜಗಲಿಯ ಮೇಲೆ ಗೋಡೆಗೆ ದಿಂಬು ಕೊಟ್ಟು ಒರಗಿದ್ದ. ಆದಿಲಕ್ಷ್ಮಮ್ಮ ಗಾಬರಿಯಾಗಿ, "ಅಯ್ಯೋ, ಸಾರು ಬಂದವ್ರೆ! ಲೇ ಕಲ್ಪನಾ, ಚಾಪೆ ತತ್ತಾ," ಅಂದರು. ಕಲ್ಪನ ಕೊಟ್ಟಿಗೆಯಿಂದ ಬಂದಳು. ಮುಖ ಊದಿಕೊಂಡಿತ್ತು.

ಸುಬ್ಬರಾಯಪ್ಪ ಚಾಪೆಯ ಮೇಲೆ ಕೂರಲಿಲ್ಲ. ಕೂತರೆ ಎರಡು ಮಾತು ಕ್ಷೇಮ ಸಮಾಚಾರವಾಗುತ್ತದೆ, ಕಾಫಿ ಬರುತ್ತದೆ, ಆಮೇಲೆ ಹೇಳುವುದು ಇನ್ನೂ ಕಷ್ಟ. ನಿಂತೇ ಹೇಳಿದರು.

"ಅವಳು ತಪ್ಪು ಕೇಳಿಸ್ಕೊಂಡಿಲ್ಲಮ್ಮ. ನಾನು ಆದ್ಮೇಲೆ ಅಂತಲೇ ಹೇಳಿದ್ದು. ಆ ಪದ ನನಗೆ ಗೊತ್ತಿರಲಿಲ್ಲ. ಟೆಂಡರ್ ಅಂದರೆ ಅಲ್ಲಿ ಬರೆದುಕೊಡು ಅಂತ, ಒಪ್ಪಿಗೆ ಬರೆದು ಮುಂದಿಡು ಅಂತ. ನಾನು ಕಾಂಟ್ರಾಕ್ಟು ಅಂದ್ಕೊಂಡೆ. ಅವಳು ಈಗಲೇ ಹೋಗಿ ಕೇಳ್ತೀನಿ ಅಂದ್ಲು, ನಾನೇ ಬೇಡ ಅಂದೆ. ಆಮೇಲೆ ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಅವಳ ಮೇಲೆ ಹಾಕ್ದೆ. ತಪ್ಪಾಯ್ತು."

ನಾಗೇಶ್ ಹೆಂಡತಿಯ ಕಡೆ ನೋಡಲು ಹೋಗಿ ತಲೆ ಬಗ್ಗಿಸಿದ. ಆದಿಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು, "ಓಗ್ಲಿ ಬಿಡಿ ಸೋಮಿ, ದೊಡ್ಡೋರು ನೀವು, ಅಷ್ಟು ದೂರದಿಂದ ಬಂದು..." ಅಂತ ಶುರು ಮಾಡಿದರು.

"ನೀನು ಸುಮ್ಕಿರತ್ತೆ," ಅಂದಳು ಕಲ್ಪನ.

ಅವಳು ಮುಂದೆ ಬಂದು ನಿಂತಳು. ಕೈಯಲ್ಲಿ ಇನ್ನೂ ಹುಲ್ಲಿನ ಎಳೆಗಳಿದ್ದವು.

"ಓದೋದ್ರಲ್ಲಿ ತಪ್ಪು ಯಾರಿಗೂ ಆಗುತ್ತೆ ಸಾ. ಅದಕ್ಕೆ ನಾನು ಏನೂ ಅನ್ನಕಿಲ್ಲ. ಕೆಲ್ಸ ಓಯ್ತು, ಓಯ್ತು. ಆದ್ರೆ ನೀವು ಒಳಗೆ ಅಂದಿದ್ದೆ ಅಂದ್ರಲ್ಲ, ಆಗ್ಲಿಂದ ನಾನು ನನ್ ಕಿವೀನೇ ನಂಬಿಲ್ಲ. ಹಸು ಕೂಗಿದ್ರೂ ನಿಜ್ವಾಗ್ಲೂ ಕೂಗ್ತಾ ಅಂತ ಎದ್ದು ಓಗಿ ನೋಡಿವ್ನಿ. ಇವ್ರು ಬೈದ್ರೆ ಬೈಸ್ಕಂಡೆ, ನಂದೇ ತಪ್ಪಲ್ಲಾ ಅಂತ. ನಂಗೆ ನೆಪ್ಪಿತ್ತು ಸಾ. ಸರಿಯಾಗೇ ನೆಪ್ಪಿತ್ತು. ನೀವು ದೊಡ್ಡೋರು ಅಂತ ನನ್ ನೆಪ್ಪು ನಾನೇ ಅಳಿಸ್ಕಂಡೆ."

ಅರವತ್ನಾಲ್ಕು ವರ್ಷದಲ್ಲಿ ಯಾರೂ ಸುಬ್ಬರಾಯಪ್ಪನವರನ್ನು ಹಾಗೆ ನಿಲ್ಲಿಸಿ ಮಾತಾಡಿಸಿರಲಿಲ್ಲ. ಮೇಲಧಿಕಾರಿಗಳು ಬೈದದ್ದುಂಟು, ಆದರೆ ಆ ಬೈಗುಳ ಬರೀ ಕೆಲಸದ್ದು. ಜೇಬಿನಲ್ಲಿದ್ದ ಇಂಗ್ಲಿಷ್ ಪತ್ರ ಎದೆಗೆ ಒತ್ತುತ್ತಿತ್ತು. ಇವಳ ಮುಂದೆ ಇಡಬೇಕಾಗಿದ್ದನ್ನು ಅಲ್ಲಿ ಯಾವುದೋ ಮೇಜಿನ ಮೇಲೆ ಇಡಲು ಹೋಗಿದ್ದೆನಲ್ಲ ಅನಿಸಿತು.

"ಕ್ಷಮಿಸು ಅಂತ ಕೇಳಕ್ಕೂ ನನಗೆ..." ಅಂದರು, ಮುಗಿಸಲಾಗಲಿಲ್ಲ.

"ಈಗ ಆಗಕಿಲ್ಲ ಸಾ," ಅಂದಳು ಕಲ್ಪನ. ಗಟ್ಟಿಯಾಗಿ ಅನ್ನಲಿಲ್ಲ. "ನೀವು ಬಂದು ಯೋಳಿದ್ದು ಒಳ್ಳೇದಾಯ್ತು. ಅತ್ತೆ ಮುಂದೆ ಯೋಳಿದ್ರಲ್ಲ, ಅದು ಇನ್ನೂ ಒಳ್ಳೇದಾಯ್ತು. ಬಸ್ಸು ಐದೂವರೆಗೆ ಐತೆ. ಅದು ತಪ್ಪಿದ್ರೆ ಕಷ್ಟ."

ನಾಗೇಶ್ ದಿಂಬಿನ ಆಧಾರ ಬಿಟ್ಟು, ಗೋಡೆ ಹಿಡಿದು ಎದ್ದು ನಿಂತ. ತಮ್ಮನ್ನು ಕಳಿಸಲು ಅಂತ ಸುಬ್ಬರಾಯಪ್ಪ ತಿಳಿದರು. ಅವನು ಎದ್ದದ್ದು ಹೆಂಡತಿಯ ಹತ್ತಿರ ಹೋಗಲು. "ನೀರು ಕುಡಿ, ಬಾ," ಅಂದ ಅವಳಿಗೆ. ಅದನ್ನು ಕೇಳಿಕೊಂಡು ಅವರು ರಸ್ತೆಯ ಕಡೆ ತಿರುಗಿದರು.

ಮರುದಿನ ವರಾಂಡಕ್ಕೆ ಬಂದ ಗಿರಿಗೂ ನಡೆದದ್ದನ್ನೆಲ್ಲ ಹೇಳಿದರು. ಗಿರಿ, "ಅಯ್ಯೋ ವಿಡುಂಗೊ ಸಾರ್, ಬಿಡಿ, ಒಂದು ಪದ ತಾನೇ," ಅಂದ. ಒಂದು ಪದ ಅಲ್ಲ ಅಂತ ಅವನಿಗೆ ವಿವರಿಸಲು ಹೋಗಿ, ಪೇಪರು ಬಿಡಿಸಿಕೊಂಡರು. ಗಿರಿ ಬೀದಿಯಲ್ಲಿ ಹೇಳಿಕೊಂಡು ಬಂದನೋ, ಆದಿಲಕ್ಷ್ಮಮ್ಮ ಹೇಳಿದರೋ, ಕಾಗದ ತರುವವರು ಕಡಿಮೆಯಾದರು. ಬಂದವರಿಗೂ ಸುಬ್ಬರಾಯಪ್ಪ ಈಗ ತಡೆದು ತಡೆದು ಓದುತ್ತಿದ್ದರು. "ಈ ಸಾಲು ನನಗೆ ಖಚಿತವಿಲ್ಲ, ಕಳಿಸಿದವರನ್ನೇ ಕೇಳಿ," ಅನ್ನುತ್ತಿದ್ದರು. ಆ ಮಾತನ್ನು ಹೇಳಿದಾಗಲೆಲ್ಲ ಕೇಳಿದವರ ಮುಖದಲ್ಲಿ ಸಣ್ಣ ನಿರಾಸೆ ಕಾಣುತ್ತಿತ್ತು, ಅವರಿಗೆ ಮೈ ಹಿಡಿಯಷ್ಟಾಗುತ್ತಿತ್ತು. ಅದು ರೂಢಿಯಾಗಲಿಲ್ಲ.

ಕಲ್ಪನ ಹಾಲು ಹಾಕುವುದನ್ನು ನಿಲ್ಲಿಸಲಿಲ್ಲ. ಶಾಂತಮ್ಮನ ಹತ್ತಿರ ನಿಂತು ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು. ಸುಬ್ಬರಾಯಪ್ಪ ಪೇಪರು ಹಿಡಿದು ಹೊರಗೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೆ ಅವರು ಆ ಹೊತ್ತಿಗೆ ಒಳಗೇ ಇರುವುದನ್ನು ಕಲಿತರು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಒಳಗಿನಿಂದಲೇ ಕೇಳಿಸಿತು. ಹಾಸ್ಟೆಲಿನ ಅಡುಗೆಮನೆಗೆ ಇನ್ನೊಬ್ಬರು ಬೇಕಾಗಿದ್ದಾರಂತೆ, ಶ್ರೀಧರ್ ಕಾಗದ ಕಳಿಸಿದ್ದಾನಂತೆ. ಕಲ್ಪನ ಅದನ್ನು ಯಾರಿಗೂ ತೋರಿಸದೆ ನೇರ ಬಂಗಾರಪೇಟೆಗೆ ಹಿಡಿದುಕೊಂಡು ಹೋಗಿ, ಏನು ಬರೆದಿದೆ ಅಂತ ಅವನನ್ನೇ ಕೇಳಿ, ಅಲ್ಲೇ ಕೂತು ಒಪ್ಪಿಗೆ ಬರೆದುಕೊಟ್ಟು ಬಂದಿದ್ದಳು. ಸೋಮವಾರದಿಂದ ಕೆಲಸ. ಹಾಲಿಗೆ ಇನ್ನು ಮೇಲೆ ಅತ್ತೆ ಬರುತ್ತಾರೆ.

ಸುಬ್ಬರಾಯಪ್ಪನವರಿಗೆ ಕಾಲು ನಿಲ್ಲಲಿಲ್ಲ. ಹೊರಗೆ ಬಂದರು. ಅವಳು ಅವರನ್ನು ನೋಡಿದಳು. ಈ ಸಲ ಮಾತು ನಿಲ್ಲಿಸಲಿಲ್ಲ.

"ಕೆಲ್ಸ ಸಿಕ್ತು ಸಾ," ಅಂದಳು.

"ಸಂತೋಷ ಕಣಮ್ಮ. ತುಂಬ ಸಂತೋಷ." ಇನ್ನೂ ಏನೋ ಹೇಳಬೇಕಿತ್ತು.

ಅವಳು ಕಾಯಲಿಲ್ಲ. "ಬತ್ತೀನಿ ಅಮ್ಮಾರೆ," ಅಂತ ಶಾಂತಮ್ಮನಿಗೆ ಹೇಳಿ ಗೇಟು ಹಾಕಿಕೊಂಡು ಹೊರಟಳು. ಬಸ್ಸಿಗೆ ಹೊತ್ತಾಗಿತ್ತೇನೋ, ಬೇಗ ಬೇಗ ನಡೆದಳು. ಅವಳು ತಿರುವು ದಾಟುವವರೆಗೂ ಸುಬ್ಬರಾಯಪ್ಪ ಅಲ್ಲೇ ನಿಂತಿದ್ದರು. ಆಮೇಲೆ ಶಾಂತಮ್ಮ, "ಬನ್ನಿ, ಕಾಫಿ ಆರುತ್ತೆ," ಅಂದಾಗ ಒಳಗೆ ಹೋದರು.